ಮಾಜಿ ಸೈನಿಕರಿಗೆ ಆದ್ಯತೆ

ಮಸ್ಕತ್ತಿನ ಸೀಬಿನಲ್ಲಿ ಸಿಪ್ರಿಯನ್ ಮಥಾಯಸ್ ಅವರ ಮನೆ ಎಲ್ಲಿ ಎಂದು ಕೇಳಿದರೆ ನಮ್ಮವರು ತಲೆ ಕೆರೆದುಕೊಳ್ಳುತ್ತಿದ್ದರು. ಮಿಲಿಟ್ರಿ ಸಿಪ್ರಿಯನ್ ಎಂದರೆ ಮಾತ್ರ ಯಾರು ಬೇಕಾದರೂ ಬಾಗಿಲ ತನಕ ಬಂದು ಬೆಲ್ ಒತ್ತಿಕೊಟ್ಟು ಹೋಗುತ್ತಿದ್ದರು. ನಮ್ಮ ಕರಾವಳಿಯ ಶಿರ್ವದ ಕಡೆಯ ಮನುಷ್ಯ. ಭಾರತದ ಸೇನೆಯಲ್ಲಿ ಹದಿನಾರು ವರ್ಷ ಇದ್ದು ಹವಾಲ್ದಾರನಾಗಿ ಹೊರಬಂದವನು. ಈಗ ಒಂದು ಕಟ್ಟಡ ಕಂಪನಿಯಲ್ಲಿ ಸ್ಟೋರ್‌ಕೀಪರ್. ಆದರೆ ಸಿಮೆಂಟು ಮೂಟೆಗಳ ಸಂದಿಯಲ್ಲೂ ಅವನ ನಡಿಗೆ ಪೆರೇಡಿನದೇ. ಬೆಳಿಗ್ಗೆ ಮೀಸೆಗೆ ಎಣ್ಣೆ, ಸಂಜೆ ಶೂಸಿಗೆ ಪಾಲಿಶ್, ಎರಡೂ ತಪ್ಪಿದ ದಿನವಿಲ್ಲ.

ಕ್ರಿಸ್ಮಸ್ಸಿರಲಿ, ಯಾರದೋ ಮಗುವಿನ ಬರ್ತ್‌ಡೇ ಇರಲಿ, ಎರಡನೆಯ ಗ್ಲಾಸು ಮುಗಿಯುವ ಹೊತ್ತಿಗೆ ಎಪ್ಪತ್ತೊಂದರ ಯುದ್ಧ ಶುರುವಾಗುತ್ತಿತ್ತು.

“ಮೂರು ದಿನ, ಮೂರು ರಾತ್ರಿ ಬೆಂಕಿಯ ಎದುರು ನಿಂತಿದ್ದೆ ಮಾರಾಯ್ರೆ. ಒಂದು ನಿಮಿಷ ಕೂತವನಲ್ಲ. ನನ್ನೆದುರು ಜವಾನರು ಸಾಲು ಸಾಲಾಗಿ ನಿಂತಿದ್ದಾರೆ. ನನ್ನ ಕೈ ನಿಂತ್ರೆ ಅವರ ಕತೆ ಮುಗೀತು!”

ಕೇಳುವವರು ಉಸಿರು ಬಿಗಿಹಿಡಿಯುತ್ತಿದ್ದರು. ಹೆಂಡತಿ ಬೀಟ್ರಿಸ್ ಪ್ರತಿ ಸಲವೂ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದಳು.

ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಬೆಂಕಿಯೂ ನಿಜ, ಜವಾನರ ಸಾಲೂ ನಿಜ. ಬೆಂಕಿ ಒಲೆಯದ್ದು, ಜವಾನರ ಕೈಯಲ್ಲಿ ಇದ್ದದ್ದು ಊಟದ ತಟ್ಟೆ, ಅಷ್ಟನ್ನು ಮಾತ್ರ ಅವನು ಹೇಳುತ್ತಿರಲಿಲ್ಲ. ಸಿಪ್ರಿಯನ್ ಸೇನೆಯಲ್ಲಿ ಅಡಿಗೆಯವನಾಗಿದ್ದ. ರೈಫಲ್ ಹಿಡಿದದ್ದು ತರಬೇತಿಯಲ್ಲಿ, ಆಮೇಲೆ ಹಿಡಿದದ್ದೆಲ್ಲ ಸೌಟು.

ಅಡಿಗೆ ಮಾಡುವುದರಲ್ಲಿ ನಾಚಿಕೆ ಎಂಥದು ಎಂದು ನೀವು ಕೇಳಬಹುದು. ನೀವು ಬೀಟ್ರಿಸಳ ಅಣ್ಣಂದಿರನ್ನು ನೋಡಿದವರಲ್ಲ. ಅವಳಿಗೆ ಮೊದಲು ಬಂದ ಸಂಬಂಧ ಒಬ್ಬ ಕುಜ್ನೇರನದ್ದು. ಕೊಂಕಣಿಯಲ್ಲಿ ಬಾಣಸಿಗನಿಗೆ ಹಾಗೆನ್ನುತ್ತಾರೆ. ದೊಡ್ಡಣ್ಣ ಅವನಿಗೆ ಕೂರಲು ಕುರ್ಚಿಯನ್ನೂ ಕೊಡದೆ ಅಂಗಳದಿಂದಲೇ ಸಾಗಹಾಕಿದ್ದ. ಅದು ಊರಿಗೆಲ್ಲ ಗೊತ್ತಿದ್ದ ಸುದ್ದಿ. ಹಾಗಾಗಿ ಸಿಪ್ರಿಯನ್ ಹೆಣ್ಣು ನೋಡಲು ಸಮವಸ್ತ್ರದಲ್ಲೇ ಹೋದ. ಸೇನೆಯಲ್ಲಿ ಏನು ಕೆಲಸ ಎಂದು ಅವರು ಕೇಳಲಿಲ್ಲ, ಇವನು ಹೇಳಲಿಲ್ಲ. ಮದುವೆಯಾಗಿ ಹತ್ತೊಂಬತ್ತು ವರ್ಷವಾಯಿತು, ಹೇಳಲು ಒಳ್ಳೆಯ ಸಮಯ ಇನ್ನೂ ಬಂದಿರಲಿಲ್ಲ.

ಈ ಗುಟ್ಟನ್ನು ಕಾಯುವುದೇನು ಸಾಮಾನ್ಯ ಕಷ್ಟವೆ? ಸೇನೆ ಬಿಡುವಾಗ ಕೊಟ್ಟ, ‘ಕುಕ್’ ಎಂದು ಬರೆದಿದ್ದ ಡಿಸ್ಚಾರ್ಜ್ ಪುಸ್ತಕವನ್ನು ಅವನು ಊರಿನಲ್ಲೇ ಬಚ್ಚಿಟ್ಟು ಬಂದಿದ್ದ. ಸಿಪ್ರಿಯನ್ ಮನೆಯಲ್ಲಿ ಅಡಿಗೆಕೋಣೆಯ ಹೊಸ್ತಿಲು ದಾಟುತ್ತಿರಲಿಲ್ಲ. ದಾಟಿದರೆ ಕೈ ತಾನಾಗಿ ಈರುಳ್ಳಿಯ ಕಡೆಗೆ ಹೋಗಿಬಿಡುತ್ತದೆ ಎಂಬ ಹೆದರಿಕೆ. ಬೀಟ್ರಿಸ್ ಒಳ್ಳೆಯ ಹೆಂಗಸು, ಆದರೆ ಅಡಿಗೆಯ ವಿಷಯದಲ್ಲಿ ದೇವರು ಅವಳ ಕೈ ಹಿಡಿದಿರಲಿಲ್ಲ. ಅವಳ ಸಾನ್ನಾಂ, ಅಂದರೆ ನಮ್ಮವರ ಇಡ್ಲಿ, ಹಲ್ಲಿಗೆ ಪರೀಕ್ಷೆ. ಹಂದಿಮಾಂಸಕ್ಕೆ ವಿನೆಗರನ್ನು ಎಲ್ಲಿ, ಯಾವಾಗ ಹಾಕಬಾರದೋ ಅಲ್ಲೇ, ಆವಾಗಲೇ ಹಾಕುವಳು. ಹಜಾರದಲ್ಲಿ ಪೇಪರು ಹಿಡಿದು ಕೂತ ಸಿಪ್ರಿಯನ್‌ಗೆ ವಾಸನೆಯಿಂದಲೇ ಎಲ್ಲ ತಿಳಿಯುತ್ತಿತ್ತು. ಹಲ್ಲು ಕಚ್ಚಿಕೊಳ್ಳುವನು. ಊಟಕ್ಕೆ ಕೂತ ಮೇಲೆ ಅದೇ ಹಲ್ಲಿನಿಂದ ಅಗಿದು, “ಫಸ್ಟ್ ಕ್ಲಾಸ್” ಎನ್ನುವನು. ಶೌರ್ಯಪದಕವನ್ನು ಇಂಥವರಿಗೂ ಕೊಡಬೇಕು.

ಹೀಗಿರುವಾಗ ಸಾವಿರದ ಒಂಬೈನೂರ ತೊಂಬತ್ತರ ಆಗಸ್ಟಿನಲ್ಲಿ ಕುವೈತಿನ ಗಲಾಟೆ ಎದ್ದಿತು. ಸಿಪ್ರಿಯನ್‌ನ ಕಂಪನಿ ಬೌಷರಿನಲ್ಲಿ ಕಟ್ಟುತ್ತಿದ್ದ ಕಟ್ಟಡ ಎರಡನೆಯ ಮಾಳಿಗೆಗೇ ನಿಂತಿತು. ಕಫೀಲ್, ಅಂದರೆ ವೀಸಾ ಕೊಟ್ಟ ಅರಬ್ಬಿ ಯಜಮಾನ, ಒಳ್ಳೆಯವನು. ಸಿಪ್ರಿಯನ್‌ನನ್ನು ಕೂರಿಸಿ, ಕಾವಾ ಕಾಫಿ ಕುಡಿಸಿ, “ಖಲಾಸ್” ಎಂದ. ಡಿಸೆಂಬರ್ ಮುಗಿಯುವುದರೊಳಗೆ ಬೇರೆ ಕೆಲಸ ಹುಡುಕಿಕೊಂಡರೆ ಅಲ್ಲಿಗೆ ಸೇರಲು ರಿಲೀಸ್ ಪತ್ರ ಕೊಡುತ್ತೇನೆ, ಇಲ್ಲದಿದ್ದರೆ ಊರಿಗೆ ಟಿಕೇಟು ಕೊಡುತ್ತೇನೆ ಎಂದ. ಮಗಳು ಕ್ಯಾರೋಲಿನ್ ಇಂಡಿಯನ್ ಸ್ಕೂಲಿನಲ್ಲಿ ಹತ್ತನೆಯ ತರಗತಿ. ಮಾರ್ಚಿಗೆ ಬೋರ್ಡ್ ಪರೀಕ್ಷೆ. ಡಿಸೆಂಬರಿನಲ್ಲಿ ಊರಿಗೆ ಹೋದರೆ ಹುಡುಗಿಯ ಒಂದು ವರ್ಷ ಮಣ್ಣುಪಾಲು. ಸಿಪ್ರಿಯನ್ ಯುದ್ಧಕ್ಕೆ ಹೆದರದಿದ್ದವನು ಆ ಮಾರ್ಚಿಗೆ ಹೆದರಿದ.

ಕೆಲಸ ಕಳೆದ ಗಲಾಟೆಯೇ ಕೆಲಸವನ್ನೂ ತಂದಿತು. ವಿಮಾನ ನಿಲ್ದಾಣದಾಚೆಯ ಮರಳಿನಲ್ಲಿ ವಿದೇಶಿ ಸೈನಿಕರ ಡೇರೆಗಳು ಎದ್ದವು. ನಮ್ಮವರ ಬಾಯಲ್ಲಿ ಅದು ‘ಬೇಸ್’. ಅಲ್ಲಿನ ಊಟ, ಕಸ, ಕಾವಲುಗಳ ಗುತ್ತಿಗೆ ಹಿಡಿದ ಕಂಪನಿಯ ಆಫೀಸಿನಲ್ಲಿ ಬೀಟ್ರಿಸಳ ದೊಡ್ಡಪ್ಪನ ಮಗ ಜಾರ್ಜ್ ಗುಮಾಸ್ತನಾಗಿದ್ದ. ಒಂದು ಶುಕ್ರವಾರ, ಅಲ್ಲಿಯ ವಾರದ ರಜೆ, ಚರ್ಚಿನ ಪೂಜೆ ಮುಗಿದು ಜನ ಇಗರ್ಜಿಯ ಅಂಗಳದಲ್ಲಿ ನಿಂತಿರುವಾಗ ಅವನೇ ಸುದ್ದಿ ತಂದ.

“ಭಾವ, ಎರಡು ಪೋಸ್ಟು ಉಂಟು. ಒಂದು ಸೆಕ್ಯೂರಿಟಿ ಸೂಪರ್‌ವೈಸರ್, ಇನ್ನೊಂದು ಮೆಸ್ ಸೂಪರ್‌ವೈಸರ್. ಮಿಲಿಟ್ರಿಯಲ್ಲಿ ಇದ್ದವರಿಗೇ ಫಸ್ಟ್ ಚಾನ್ಸ್. ಸೆಕ್ಯೂರಿಟಿದು ನಿಮಗೆ ಫಿಕ್ಸ್ ಅಂತ ಇಟ್ಕೊಳ್ಳಿ. ಮೆಸ್ಸಿದು ಯಾವನಾದ್ರೂ ಕುಜ್ನೇರನಿಗೆ ಹೋಗ್ತದೆ.”

ಸಿಪ್ರಿಯನ್‌ಗೆ ಹೇಳಿ ಮಾಡಿಸಿದ ಕೆಲಸ ಆ ಎರಡನೆಯದು. ಆದರೆ ಬಾಯಿ ತೆರೆಯುವಷ್ಟರಲ್ಲಿ ಬೀಟ್ರಿಸ್ ಅಂಗಳದ ಅರ್ಧ ಹೆಂಗಸರಿಗೆ ವಿಷಯ ಮುಟ್ಟಿಸಿಯಾಗಿತ್ತು.

“ನಮ್ಮವರಿಗೆ ಬೇಸಿನ ಕಾವಲು ಕೊಟ್ಟಿದ್ದಾರಂತೆ! ಇನ್ನು ನಾವೆಲ್ಲ ಆರಾಮಲ್ಲಿ ಮಲಗ್ಬಹುದು!”

ಆ ವಾರ ಮಸ್ಕತ್ತಿನಲ್ಲಿ ಮಾಜಿ ಸೈನಿಕರ ಸುಗ್ಗಿ. ಶಾಲೆಯಲ್ಲಿ ಎನ್‌ಸಿಸಿಯ ಉಪ್ಪಿಟ್ಟು ತಿಂದವನು ಸೈನಿಕ. ಹೋಮ್‌ಗಾರ್ಡಿನವನ ಭಾವಮೈದುನ ಸೈನಿಕ. ಅಜೈಬಾದಲ್ಲಿ ಟೈಲರ್ ಆಗಿದ್ದ ಒಬ್ಬ, ತಾನು ಒಮ್ಮೆ ಕರ್ನಲರ ಪ್ಯಾಂಟು ಹೊಲಿದಿದ್ದೇನೆ, ಅದೂ ದೇಶಸೇವೆಯಲ್ಲವೇ ಎಂದು ವಾದಿಸಿದ. ಇಷ್ಟು ಜನ ನಿಜವಾಗಿ ಗಡಿಗೆ ಹೋಗಿದ್ದರೆ ಯುದ್ಧಗಳೆಲ್ಲ ಊಟದ ಹೊತ್ತಿಗೆ ಮುಗಿದಿರುತ್ತಿದ್ದವು.

ಸೀಬ್ ಸೂಕಿನ, ಅಂದರೆ ಪೇಟೆಯ, ಕೆಫೆಟೇರಿಯಾದಲ್ಲಿ ಅಡಿಗೆ ಮಾಡುತ್ತಿದ್ದ ಕೊಗ್ಗ ಪೂಜಾರಿಯೂ ಸಿಪ್ರಿಯನ್‌ನನ್ನು ಹುಡುಕಿಕೊಂಡು ಬಂದ. ಕಾರ್ಕಳದವನು. ಊರಿನ ರೂಢಿಯಂತೆ ಕ್ರೈಸ್ತರನ್ನು ಪೊರ್ಬುಗಳೇ ಎಂದು ಮರ್ಯಾದೆಯಿಂದ ಕರೆಯುವವನು.

“ಪೊರ್ಬುಗಳೇ, ನಾನು ಕೂಡ ಇಂಟರ್‌ವ್ಯೂಗೆ ಬರ್ಲಾ? ನಾನು ಬೆಂಗಳೂರಲ್ಲಿ ಹನ್ನೆರಡು ವರ್ಷ ಮಿಲಿಟ್ರಿ ಹೋಟೇಲಲ್ಲಿ ಇದ್ದವ.”

ಸಿಪ್ರಿಯನ್ ನಕ್ಕ ನಗೆಗೆ ಮೀಸೆಯ ಎಣ್ಣೆ ಗಲ್ಲಕ್ಕೆ ಹತ್ತಿತು.

“ಕೊಗ್ಗ, ಅದು ಕುರಿ ಸಾರು, ಮುದ್ದೆ ಮಾರುವ ಹೋಟೇಲು ಮಾರಾಯ. ಅಲ್ಲಿ ಪ್ರಾಣ ಕೊಡುದು ಕುರಿಗಳು ಮಾತ್ರ. ಅದಕ್ಕೂ ಮಿಲಿಟ್ರಿಗೂ ಎಂತ ಸಂಬಂಧ?”

“ಸಂಬಂಧ ಇಲ್ಲದೆ ಬೋರ್ಡಲ್ಲಿ ಅಷ್ಟು ದೊಡ್ಡದಾಗಿ ಬರೀತಾರಾ?” ಎಂದ ಕೊಗ್ಗ. ಅವನಲ್ಲಿ ಕಪಟವಿರಲಿಲ್ಲ. ಬೋರ್ಡನ್ನು ನಂಬಿದ್ದ.

ಸಂದರ್ಶನ ಅಜೈಬಾದ ಒಂದು ಪೋರ್ಟಾ ಕ್ಯಾಬಿನ್ನಿನಲ್ಲಿ. ಗೋಡೆಗೆ ಒರಗಿಸಿದ ಬೆಂಚಿನ ಮೇಲೆ ಎಲ್ಲರೂ ಸಾಲಾಗಿ ಕೂತಿದ್ದರು. ಎದುರಿನ ಮೇಜಿನಲ್ಲಿ ಕಂಪನಿಯ ದೊರೆ, ಡಂಕನ್ ಎಂಬ ಬಿಳಿಯ, ತಾನೂ ಸೈನ್ಯದಿಂದ ನಿವೃತ್ತನಾದ ಸಾರ್ಜೆಂಟ್. ಒಬ್ಬನಿಗೆ ಕೇಳಿದ್ದು ಎಲ್ಲರಿಗೂ ಕೇಳುತ್ತಿತ್ತು. ಬಾಗಿಲಲ್ಲಿ ಕಿವಿಯಾಗಿ ನಿಂತಿದ್ದವನು ಜಾರ್ಜ್.

ಸಿಪ್ರಿಯನ್ ಎದೆ ಸೆಟೆದು ನಿಂತು, ತಾನು ಸಪ್ಲೈ ಕೋರಿನ ಯಾವ ಕಂಪನಿಯವನು ಎಂಬುದನ್ನು ಒಂದೇ ಉಸಿರಿಗೆ ಹೇಳಿದ. ಡಂಕನ್ ಮೆಚ್ಚಿದ ಹಾಗೆ ಕಂಡಿತು.

“ಸೆಕ್ಯೂರಿಟಿ ಕೆಲಸಕ್ಕೆ ತಾನೆ? ಸರಿ. ಬೆಳಗಿನ ಜಾವದ ಕಾವಲಿನವರು ನಿದ್ದೆ ಹೋಗದಂತೆ ಹೇಗೆ ನೋಡಿಕೊಳ್ಳುತ್ತೀರಿ?”

“ಟೀ, ಸರ್,” ಎಂದ ಸಿಪ್ರಿಯನ್ ತಡಮಾಡದೆ. “ಶುಂಠಿ ಜಜ್ಜಿ ಹಾಕಬೇಕು. ಹಾಲು ಕಡಿಮೆ.”

ಡಂಕನ್ ಅದನ್ನೂ ಬರೆದುಕೊಂಡ. “ಗುರುತಿಲ್ಲದ ಲಾರಿಯೊಂದು ಗೇಟಿಗೆ ಬಂದರೆ ಮೊದಲು ಏನು ಮಾಡುತ್ತೀರಿ?”

ಸಿಪ್ರಿಯನ್‌ನ ಹದಿನಾರು ವರ್ಷದ ಬದುಕಿನಲ್ಲಿ ಲಾರಿ ಎಂದರೆ ರೇಷನ್ನು. “ಅಡಿಯಲ್ಲಿರುವ ಆಲೂಗಡ್ಡೆ ಕೊಳೆತಿದೆಯೇ ಎಂದು ನೋಡುತ್ತೇನೆ, ಸರ್.”

ಬೆಂಚಿನ ಮೇಲೆ ಯಾರೋ ಕಿಸಕ್ಕೆಂದರು. ಡಂಕನ್ ಪೆನ್ನು ಕೆಳಗಿಟ್ಟ.

“ನೀನು ನಿಜವಾಗಿ ಸೈನ್ಯದಲ್ಲಿ ಏನು ಕೆಲಸ ಮಾಡುತ್ತಿದ್ದೆ?”

ಅದೊಂದು ಒಳ್ಳೆಯ ಪ್ರಶ್ನೆ. ಉತ್ತರವೂ ಒಂದೇ ಶಬ್ದ. ಆ ಶಬ್ದ ಸಿಪ್ರಿಯನ್‌ನ ನಾಲಗೆಯ ತುದಿಗೂ ಬಂದಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ನಿಂತ ಜಾರ್ಜ್ ಭಾವನಿಗೆ ಧೈರ್ಯ ಕೊಡಲು ಹೆಬ್ಬೆರಳೆತ್ತಿ ತೋರಿಸಿದ. ಜಾರ್ಜ್‌ಗೆ ತಿಳಿದರೆ ಶುಕ್ರವಾರದೊಳಗೆ ಇಗರ್ಜಿಗೆಲ್ಲ ತಿಳಿಯುತ್ತದೆ, ಮುಂದಿನ ಟಪಾಲಿನಲ್ಲಿ ಶಿರ್ವಕ್ಕೂ ತಿಳಿಯುತ್ತದೆ. ಸಿಪ್ರಿಯನ್ ಶಬ್ದವನ್ನು ನುಂಗಿದ.

“ಬೆಂಕಿಯ ಎದುರು ನಿಂತಿದ್ದೆ, ಸರ್,” ಎಂದ.

“ಇಲ್ಲಿಗೆ ಬರುವವರಲ್ಲಿ ಅರ್ಧ ಜನ ಸೈನ್ಯದ ಗೇಟನ್ನೂ ನೋಡಿದವರಲ್ಲ,” ಎಂದು ಡಂಕನ್ ಜಾರ್ಜ್ ಕಡೆಗೆ ತಿರುಗಿ ಹೇಳಿದ. “ಮುಂದಿನವನು.”

ಮುಂದಿನವನು ಕೊಗ್ಗ. ಸಿಪ್ರಿಯನ್ ಬೆಂಚಿಗೆ ಮರಳಿ, ಮುಖ ಎಲ್ಲಿಟ್ಟುಕೊಳ್ಳಲಿ ಎಂದು ತಿಳಿಯದೆ ಕೂತ.

“ಮಿಲಿಟರಿ?” ಎಂದು ಡಂಕನ್ ಬೇಸತ್ತು ಕೇಳಿದ.

“ಎಸ್ ಸಾರ್. ಮಿಲಿಟ್ರಿ ಹೋಟೆಲ್. ಟ್ವೆಲ್ ಇಯರ್.”

ಡಂಕನ್ ನೆಟ್ಟಗಾದ. ಸೈನ್ಯದ್ದೇ ಹೋಟೆಲು ಎಂದು ಅವನು ತಿಳಿದುಕೊಂಡ. ಪಾಪ, ಅವನ ದೇಶದಲ್ಲಿ ಮಿಲಿಟರಿ ಎಂದು ಬರೆದ ಕಡೆ ಮಿಲಿಟರಿಯೇ ಇರುತ್ತದೆ.

“ಪೋಸ್ಟಿಂಗ್ ಎಲ್ಲೆಲ್ಲಿ?”

“ಫಸ್ಟ್ ಚಿಕ್ಕಪೇಟೆ ಸಾರ್. ನೆಕ್ಸ್ಟ್ ಶಿವಾಜಿನಗರ.”

“ಎಷ್ಟು ಜನರಿಗೆ ಊಟ?”

“ಡೈಲಿ ಫೋರ್ ಹಂಡ್ರೆಡ್. ಸಂಡೇ ಡಬಲ್. ನಲ್ಲಿ ಫಿನಿಶ್ ಆದ್ರೆ ಫೈಟಿಂಗ್ ಸಾರ್, ಫುಲ್ ಫೈಟಿಂಗ್!”

ಕೊಗ್ಗ ಹೇಳಿದ್ದು ನಲ್ಲಿ ಮೂಳೆಯ ವಿಷಯ. ಭಾನುವಾರ ಅದು ಮುಗಿದರೆ ಗಿರಾಕಿಗಳು ಜಗಳಕ್ಕೆ ಬರುವುದು ಹೌದಷ್ಟೆ. ಡಂಕನ್ ‘ನಲ್ಲಿ’ ಎಂಬುದು ಯಾವುದೋ ರಣರಂಗ ಎಂದುಕೊಂಡು ಗಂಭೀರವಾಗಿ ಬರೆದುಕೊಂಡ.

“ಅಲ್ಲಿಂದ ಯಾಕೆ ಬಿಟ್ಟಿರಿ?”

“ಓನರ್ ಡೈ, ಸಾರ್.”

ಹುತಾತ್ಮನಾದ ಆ ಅಧಿಕಾರಿಗಾಗಿ ಡಂಕನ್ ತಲೆಯ ಮೇಲಿನ ಟೋಪಿ ತೆಗೆದ. ಆಮೇಲೆ ಎದ್ದು ಬಂದು ಕೊಗ್ಗನ ಕೈ ಕುಲುಕಿ, ನಿಮ್ಮ ಸರ್ವಿಸಿಗೆ ಥ್ಯಾಂಕ್ಸ್ ಎಂದ.

“ಅವರ್ ಸರ್ವಿಸ್ ಆಲ್ವೇಸ್ ಹಾಟ್, ಸಾರ್,” ಎಂದ ಕೊಗ್ಗ.

ಜಾರ್ಜ್‌ಗೆ ಮಿಲಿಟರಿ ಹೋಟೆಲು ಎಂದರೇನು ಎಂದು ಚೆನ್ನಾಗಿ ಗೊತ್ತಿತ್ತು. ಆದರೆ ಗುಮಾಸ್ತ ಬಿಳಿಯ ದೊರೆಯನ್ನು ತಿದ್ದಿದ್ದು ಯಾವ ಆಫೀಸಿನಲ್ಲೂ ಇಲ್ಲ. ಅವನು ಫೈಲಿನಲ್ಲಿ ಮುಖ ಮುಚ್ಚಿಕೊಂಡು ಕೆಮ್ಮಿದ. ಕೊಗ್ಗ ಪೂಜಾರಿ ಮೆಸ್ ಸೂಪರ್‌ವೈಸರ್ ಆದ. ಕಾವಲಿನ ಕೆಲಸ ಬೇರೆ ಯಾರಿಗೋ ಹೋಯಿತು.

ಬೀಟ್ರಿಸ್ ಬೇಸಿನವರನ್ನು ಬಾಯಿಗೆ ಬಂದಂತೆ ಬೈದಳು. ಸೈನಿಕನನ್ನು ಕಂಡರೆ ಗುರುತು ಸಿಗದವರು ಅದೇನು ಯುದ್ಧ ಮಾಡುತ್ತಾರೋ ಎಂದಳು. ಡಿಸೆಂಬರ್ ಬಂತು. ಸೂಪರ್ ಮಾರ್ಕೆಟ್ಟಿನಿಂದ ಖಾಲಿ ರಟ್ಟಿನ ಡಬ್ಬಗಳನ್ನು ತಂದು ಪಾತ್ರೆಗಳನ್ನು ತುಂಬತೊಡಗಿದಳು. ಕ್ಯಾರೋಲಿನ್ ಪುಸ್ತಕಗಳನ್ನು ಮಾತ್ರ ಡಬ್ಬಕ್ಕೆ ಹಾಕಲು ಬಿಡಲಿಲ್ಲ. ಡಬ್ಬಗಳ ನಡುವೆಯೇ ಕೂತು ಓದುತ್ತಿದ್ದಳು. ಅವಳು ಅತ್ತಿದ್ದರೆ ಸಿಪ್ರಿಯನ್‌ಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಆ ಬಗ್ಗಿದ ತಲೆಯನ್ನು ನೋಡಲಾರದೆ ಅವನು ಸುಮ್ಮಸುಮ್ಮನೆ ಬಿಸಿಲಿಗೆ ಹೋಗಿ ನಿಲ್ಲುತ್ತಿದ್ದ.

ಅಂಥದೇ ಒಂದು ಮಧ್ಯಾಹ್ನ ಕೊಗ್ಗ ಮನೆಗೆ ಬಂದ. ಎದೆಯ ಮೇಲೆ ಬ್ಯಾಡ್ಜು, ಕಾಲಲ್ಲಿ ಬೂಟು, ಮುಖದಲ್ಲಿ ಮಾತ್ರ ಕಳೆಯಿಲ್ಲ.

“ಪೊರ್ಬುಗಳೇ, ನನಗೆ ತಲೆ ಕೆಟ್ಟು ಹೋಗಿದೆ. ಹೋಟೇಲಲ್ಲಿ ಗಿರಾಕಿ ಒಬ್ಬೊಬ್ಬನೇ ಬರ್ತಾನೆ. ಇಲ್ಲಿ ಎಲ್ರೂ ಒಟ್ಟಿಗೇ ಬಂದು ನಿಲ್ತಾರೆ, ಇಡೀ ಸೈನ್ಯ! ಸಾರು ಬಿಸಿಯಾಗುವಾಗ ಅನ್ನ ತಣ್ಣಗೆ. ಒಬ್ಬ ಅಸಿಸ್ಟೆಂಟ್ ಬೇಕು ಅಂತ ಡಂಕನ್ನಿಗೆ ಹೇಳಿದೆ. ನಿನ್ನ ಹಾಗೇ ಮಿಲಿಟ್ರಿ ಅಡಿಗೆಯವನನ್ನು ಕರ್ಕೊಂಡು ಬಾ, ನಾಳೆಯೇ ವೀಸಾ ಬದಲಿಸುವ ಅಂದ. ನಿಮಗೆ ಮಿಲಿಟ್ರಿಯಲ್ಲಿ ಯಾರಾದ್ರೂ ಅಡಿಗೆಯವರ ಪರಿಚಯ ಉಂಟಾ?”

ಬೀಟ್ರಿಸ್ ಚಹಾದ ತಟ್ಟೆ ಹಿಡಿದು ಅಲ್ಲೇ ನಿಂತಿದ್ದಳು. “ಇವರಿಗೆ ಅಡಿಗೆಯವರ ಸಹವಾಸ ಎಲ್ಲಿಂದ ಬರ್ಬೇಕು?” ಎಂದಳು.

ಸಿಪ್ರಿಯನ್ ಮಗಳ ಕಡೆ ನೋಡಿದ. ಅವಳು ಓದುವುದನ್ನು ನಿಲ್ಲಿಸಿ ಇವನನ್ನೇ ನೋಡುತ್ತಿದ್ದಳು.

“ಒಬ್ಬನ ಪರಿಚಯ ಉಂಟು,” ಎಂದ. “ನಾನೇ.”

ಕೊಗ್ಗ ನಕ್ಕ. ಸಿಪ್ರಿಯನ್ ನಗಲಿಲ್ಲ. ಕೊಗ್ಗನ ನಗು ಅರ್ಧಕ್ಕೆ ನಿಂತಿತು.

“ಹದಿನಾರು ವರ್ಷ ಸೇನೆಯಲ್ಲಿ ನಾನು ಅಡಿಗೆ ಮಾಡಿದ್ದು. ಆ ಬೆಂಕಿ ಒಲೆಯದ್ದು.”

ಬೀಟ್ರಿಸ್ ತಟ್ಟೆಯನ್ನು ಡಬ್ಬದ ಮೇಲಿಟ್ಟಳು. ಕುಜ್ನೇರ್ ಎಂಬ ಶಬ್ದ ಈಗ ಬರುತ್ತದೆ, ಅಣ್ಣಂದಿರ ಹೆಸರು ಈಗ ಬರುತ್ತದೆ ಎಂದು ಸಿಪ್ರಿಯನ್ ತಲೆ ತಗ್ಗಿಸಿ ಕಾದ.

“ಹಾಗಾದ್ರೆ ನನ್ನ ಸಾನ್ನಾಂ ಕಲ್ಲಿನ ಹಾಗೆ ಆಗುದು ನಿಮಗೆ ಗೊತ್ತಿತ್ತು?”

“...ಗೊತ್ತಿತ್ತು.”

“ಯಾಕೆ ಆಗುದು ಅಂತ ಕೂಡ ಗೊತ್ತಿತ್ತು?”

“ಗೊತ್ತಿತ್ತು.”

“ಹತ್ತೊಂಬತ್ತು ವರ್ಷ! ಹತ್ತೊಂಬತ್ತು ವರ್ಷ ಫಸ್ಟ್ ಕ್ಲಾಸ್ ಅಂತ ಹೇಳಿ ನನ್ನನ್ನು ಮಂಗ ಮಾಡಿದಿರಿ! ಮಕ್ಕಳು ಬರ್ತ್‌ಡೇಗೆ ನನ್ನ ಕೇಕನ್ನು ಕರವಸ್ತ್ರದಲ್ಲಿ ಸುತ್ತಿ ಬಿಸಾಡುವಾಗ ನನಗೆ ಹೇಗಾಗ್ತಿತ್ತು ಗೊತ್ತುಂಟಾ? ಒಂದು ದಿನ ಒಳಗೆ ಬಂದು, ಬೀಟ್ರಿಸ್, ಹಾಗಲ್ಲ ಹೀಗೆ ಅಂತ ಹೇಳಿದ್ರೆ ನಿಮ್ಮ ಮೀಸೆ ಉದುರ್ತಿತ್ತಾ?” ಅವಳ ಕಣ್ಣಲ್ಲಿ ನೀರು ಬಂತು. “ಹೋಗಿ, ಬೇಸಿಗೇ ಹೋಗಿ. ಅಲ್ಲಿಯವರಾದ್ರೂ ನಿಮ್ಮ ಕೈಯ ಊಟ ತಿನ್ನಲಿ.”

“ಮಮ್ಮಿ, ಸೋ ವಿ ಆರ್ ಸ್ಟೇಯಿಂಗ್?” ಎಂದಳು ಕ್ಯಾರೋಲಿನ್. ಅವಳಿಗೆ ಬೇಕಾದದ್ದು ಅಷ್ಟೆ.

ಸಿಪ್ರಿಯನ್‌ಗೆ ನಾಚಿಕೆಯಾಯಿತು. ಇಷ್ಟು ವರ್ಷ ತಾನು ಕಾವಲು ಕೂತದ್ದು ಇಂಥ ಗುಟ್ಟಿಗೆ, ಅದೂ ಇಂಥ ಹೆಂಗಸಿನಿಂದ ಬಚ್ಚಿಡಲು ಎಂದು ಅವನಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಆದರೆ ಕೊಗ್ಗ ಇನ್ನೂ ಚಡಪಡಿಸುತ್ತ ನಿಂತಿದ್ದ.

“ಪೊರ್ಬುಗಳೇ, ಒಂದು ತೊಂದರೆ ಉಂಟು. ಡಂಕನ್ ನಿಮ್ಮನ್ನು ಮರೆತಿಲ್ಲ. ಆ ಆಲೂಗಡ್ಡೆಯವ ಮಿಲಿಟ್ರಿಯನ್ನು ಕಂಡವನೇ ಅಲ್ಲ, ದೊಡ್ಡ ಬುರುಡೆದಾಸ ಅಂತ ಎಲ್ಲರ ಹತ್ರ ಹೇಳಿ ನಗಾಡ್ತಾನೆ. ನೀವು ಮತ್ತೆ ಅದೇ ರೆಜಿಮೆಂಟಿನ ಹೆಸರು ತೆಗೆದ್ರೆ ಗೇಟಿಂದಲೇ ಹೊರಗೆ. ಅವನಿಗೆ ನಂಬಿಕೆ ಇರುದು ನನ್ನ ಹೋಟೇಲಿನ ಮೇಲೆ ಮಾತ್ರ. ಬೇಜಾರು ಮಾಡ್ಬೇಡಿ, ನಾನು ಹೇಳಿದ ಹಾಗೆ ಹೇಳಿ.”

ಮರುದಿನ ಬೇಸಿನ ಅಡಿಗೆ ಡೇರೆಯ ಎದುರು ಡಂಕನ್ ಸಿಪ್ರಿಯನ್‌ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

“ನೀನು ಆವತ್ತು ಬಂದವನಲ್ಲವೇ?”

“ಸೇಮ್ ಹೋಟೆಲ್ ಸಾರ್, ಮೈ ಹೋಟೆಲ್,” ಎಂದ ಕೊಗ್ಗ ನಡುವೆ ಬಾಯಿ ಹಾಕಿ. “ಇಂಟರ್‌ವ್ಯೂ ಡೇ, ಫುಲ್ ಫಿಯರ್.”

“ಅವನೇ ಹೇಳಲಿ. ಆವತ್ತು ಯಾವುದೋ ಸಪ್ಲೈ ಕೋರ್ ಅಂದೆಯಲ್ಲ, ಅದು ಸುಳ್ಳು ತಾನೆ?”

ಸಿಪ್ರಿಯನ್‌ಗೆ ಒಂದು ಗಳಿಗೆ ಎಲ್ಲ ಒಟ್ಟಿಗೆ ನೆನಪಾಯಿತು. ಹಿಮದಲ್ಲಿ ಹೊತ್ತದ ಒಲೆ, ಊದಿ ಊದಿ ಉರಿದ ಕಣ್ಣು, ತಟ್ಟೆ ಒಡ್ಡಿ ಊಟ ಪಡೆದು ಹೋದವರಲ್ಲಿ ಮರುದಿನ ಬಾರದೆ ಉಳಿದವರ ಮುಖಗಳು. ಆ ಕತೆಯನ್ನು ಅವನು ಯಾವ ಪಾರ್ಟಿಯಲ್ಲೂ ಹೇಳಿರಲಿಲ್ಲ. ಸೇನೆಯ ಬಗ್ಗೆ ಅವನು ಹೊರಗಿನವರಿಗೆ ಹೇಳಿದ್ದ ಮಾತುಗಳಲ್ಲಿ ಮುಚ್ಚುಮರೆಯಿಲ್ಲದ್ದು ಆ ಸಪ್ಲೈ ಕೋರಿನ ಹೆಸರೊಂದೇ.

“ಸುಳ್ಳು, ಸರ್,” ಎಂದ.

“ಮತ್ತೆ ಯಾವ ಯೂನಿಟ್?”

“ಶಿವಾಜಿನಗರ, ಸರ್. ಮಿಲಿಟರಿ ಹೋಟೆಲ್.”

ಡಂಕನ್‌ನ ಮುಖ ಅರಳಿತು. “ಇದನ್ನು ಮೊದಲೇ ಹೇಳಬಾರದಿತ್ತೇ? ನಮಗೆ ಬೇಕಾದದ್ದು ನಿಜವಾದ ಮಾಜಿ ಸೈನಿಕರು,” ಎಂದು ಕೈ ಕುಲುಕಿ, ಬ್ಯಾಡ್ಜಿನ ಕಾಗದಕ್ಕೆ ಸಹಿ ಹಾಕಿದ.

ಕ್ಯಾರೋಲಿನ್‌ಳ ಮಾರ್ಚ್ ಉಳಿಯಿತು. ಸಿಪ್ರಿಯನ್‌ಗೆ ಅಳುವೂ ಬಂತು, ಸಂತೋಷವೂ ಆಯಿತು, ಯಾವುದು ಮೊದಲು ಬಂತೋ ಅವನಿಗೇ ತಿಳಿಯಲಿಲ್ಲ. ಏನು ಮಾಡುತ್ತಿದ್ದೇನೆ ಎಂದು ಯೋಚಿಸುವ ಮೊದಲೇ ಅವನ ಹಿಮ್ಮಡಿಗಳು ಜೋಡಿಯಾದವು, ಬೆನ್ನು ನೆಟ್ಟಗಾಯಿತು, ಬಲಗೈ ಹಣೆಗೆ ಹೋಗಿ ನಿಂತಿತು. ಡಂಕನ್ ಕೂಡ ಅರಿವಿಲ್ಲದೆ ಸೆಟೆದು ನಿಂತು ಪ್ರತಿವಂದನೆ ಮಾಡಿದ. ಆಮೇಲೆ ಕೊಗ್ಗನ ಕಡೆ ತಿರುಗಿ ಮೆಚ್ಚಿ ತಲೆದೂಗಿದ.

“ನಿಮ್ಮ ಹೋಟೆಲಿನಲ್ಲಿ ಸೆಲ್ಯೂಟನ್ನೂ ಚೆನ್ನಾಗಿ ಕಲಿಸುತ್ತಾರೆ.”

“ಎಸ್ ಸಾರ್,” ಎಂದ ಕೊಗ್ಗ. ಸಿಪ್ರಿಯನ್ ಕೈ ಇಳಿಸಿ ಅಡಿಗೆ ಡೇರೆಯೊಳಕ್ಕೆ ಹೋದ.